ಇಗರ್ಜಿ ಅಂಗಳದ ಕನ್ನಡ ಶಾಲೆ: ಕಥೋಲಿಕ ಪ್ರಾಥಮಿಕ ಶಿಕ್ಷಣದಿಂದ ಉಳಿದುಬಂದದ್ದು

ಮರೋಳ, ಹುನಗುಂದ, ಇಳಕಲ್ಲ, ಬಾದಾಮಿ ಮತ್ತು ಬಾಗಲಕೋಟೆಗಳ ಸೀಮೆಯಲ್ಲಿ ಅಕ್ಷರಾಭ್ಯಾಸದ ಇತಿಹಾಸವನ್ನು ಬರೆಯಹೊರಟವರಿಗೆ ಮೊದಲು ಎದುರಾಗುವುದು ಐಗಳು ನಡೆಸುತ್ತಿದ್ದ ಗಾಂವಠಿ ಶಾಲೆ, ಅಂದರೆ ಮಠದ ಕಟ್ಟೆಯ ಮೇಲೋ ಗುಡಿಯ ಪಡಸಾಲೆಯಲ್ಲೋ ಮರಳಿನ ಮೇಲೆ ಅಕ್ಷರ ತಿದ್ದಿಸಿ ಮಗ್ಗಿಯನ್ನು ಬಾಯಿಪಾಠ ಮಾಡಿಸುತ್ತಿದ್ದ ಖಾಸಗಿ ಪಾಠಶಾಲೆ. ಅನಂತರ ಪ್ರಾಥಮಿಕ ಶಾಲೆಯ ಕೊನೆಯ ಮುಲ್ಕಿ ಪರೀಕ್ಷೆಯನ್ನು ಗುರಿಯಾಗಿಟ್ಟುಕೊಂಡ ಮುಂಬಯಿ ಸರಕಾರದ ಕನ್ನಡ ಗಂಡು ಮಕ್ಕಳ ಶಾಲೆ ಮತ್ತು ಬಹಳ ತಡವಾಗಿ ಹೆಣ್ಣು ಮಕ್ಕಳ ಶಾಲೆ. ಅವುಗಳ ಜೊತೆಜೊತೆಗೆ ಮಠಗಳು ಮತ್ತು 1906ರಲ್ಲಿ ಹುಟ್ಟಿದ ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದಂಥ ಸಂಸ್ಥೆಗಳು ಕಟ್ಟಿದ ವಿದ್ಯಾಲಯಗಳು. ಈ ಸಾಲಿನಲ್ಲಿ ಕಥೋಲಿಕ ಶಾಲೆ ತಡವಾಗಿ ಸೇರಿದ್ದು. ಜನರ ಬಾಯಲ್ಲಿ ಅದು ‘ಕಾನ್ವೆಂಟ್ ಸಾಲಿ’ಯಾಗಿ, ಇಂಗ್ಲಿಷ್ ಮಾಧ್ಯಮದ ಸಮವಸ್ತ್ರದ ಶಾಲೆಯಾಗಿಯೇ ಪರಿಚಿತ. ಕರ್ನಾಟಕದ ಕಥೋಲಿಕ ಪ್ರಾಥಮಿಕ ಶಿಕ್ಷಣದ ಇತಿಹಾಸವನ್ನು ಹಿಂದಿನಿಂದ ನೋಡಿಕೊಂಡು ಬಂದರೆ ಈ ಪರಿಚಯ ಅರ್ಧ ಮಾತ್ರ ನಿಜವೆಂದು ಕಾಣುತ್ತದೆ. ಆ ಶಿಕ್ಷಣ ಹೆಚ್ಚು ಆಳವಾಗಿ ಬೇರುಬಿಟ್ಟದ್ದು ಕನ್ನಡ ಮಾಧ್ಯಮದ, ಇಗರ್ಜಿಯ, ಅಂದರೆ ಚರ್ಚಿನ, ಅಂಗಳದಲ್ಲಿ ನಡೆದ, ಮಗು ದಿನವೂ ಬಂದು ಕೂರುವುದನ್ನೇ ಮೊದಲ ಪಾಠವೆಂದು ಬಗೆದ ಸಣ್ಣ ಶಾಲೆಗಳಲ್ಲಿ.

ಈ ಸೀಮೆಗೆ ಕಥೋಲಿಕರು ಅಪರಿಚಿತರೇನೂ ಆಗಿರಲಿಲ್ಲ. ಇಳಕಲ್ಲಿನಿಂದ ಮೂಡಣಕ್ಕೆ ಕೆಲವೇ ಹರದಾರಿ ದೂರದಲ್ಲಿರುವ ಮುದಗಲ್ಲದಲ್ಲಿ ಆದಿಲಶಾಹಿ ಕಾಲದಿಂದ ಬಂದದ್ದೆಂದು ಪರಂಪರೆ ಹೇಳುವ ಕಥೋಲಿಕ ಸಮುದಾಯವಿದೆ. ಗೋವೆಯಿಂದ ಬಂದ ಪಾದ್ರಿಗಳೊಡನೆ ಅದರ ಮೂಲವನ್ನು ಜೋಡಿಸಲಾಗುತ್ತದೆ. ಆದರೆ ಮುದಗಲ್ಲ ನಿಜಾಮನ ರಾಜ್ಯಕ್ಕೆ ಸೇರಿತ್ತು, ಇಳಕಲ್ಲ ಮತ್ತು ಹುನಗುಂದ ಮುಂಬಯಿ ಪ್ರಾಂತದ ಕಲಾದಗಿ ಜಿಲ್ಲೆಗೆ ಸೇರಿದ್ದವು. ಆ ಜಿಲ್ಲೆಯ ಕೇಂದ್ರ 1885ರಲ್ಲಿ ವಿಜಾಪುರಕ್ಕೆ ಹೋದ ಮೇಲೆ ಅದರ ಹೆಸರೂ ಬದಲಾಯಿತು. ಒಂದು ಕಡೆ ಆಡಳಿತದ ಮತ್ತು ಮೇಲಿನ ಶಿಕ್ಷಣದ ಭಾಷೆ ಉರ್ದು, ಇನ್ನೊಂದು ಕಡೆ ಕಚೇರಿಯಲ್ಲಿ ಮರಾಠಿಯ ಭಾರ. ಎರಡೂ ಕಡೆಯ ಹಳ್ಳಿಗಳು ಒಂದೇ ರಾಜ್ಯದೊಳಗೆ ಬಂದದ್ದು 1956ರ ನವೆಂಬರ್ 1ರಂದು. ಚರ್ಚಿನ ಆಡಳಿತವೂ ಹೀಗೆಯೇ ಹಂಚಿಹೋಗಿತ್ತು: ಧರ್ಮಪ್ರಾಂತ, ಎಂದರೆ ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಪ್ರದೇಶ, ಬಳ್ಳಾರಿಯಲ್ಲಿ 1949ರಲ್ಲಿ, ಬೆಳಗಾವಿಯಲ್ಲಿ 1953ರಲ್ಲಿ ಸ್ಥಾಪನೆಯಾಯಿತು. ಶಾಲೆ ಕಟ್ಟಲು ಬೇಕಾದ ಹತ್ತಿರದ ಆಡಳಿತ, ಧರ್ಮಭಗಿನಿಯರ ಮಠ ಮತ್ತು ಸರಕಾರದ ಅನುದಾನ ಈ ಮೂರೂ ಒಂದೆಡೆ ಕೂಡಿಬರದೆ ಹೋದದ್ದರಿಂದ ಹಳೆಯ ಕಥೋಲಿಕ ನೆಲೆಯೊಂದು ಪಕ್ಕದಲ್ಲೇ ಇದ್ದರೂ ಅದರ ಶಾಲೆಯ ಪ್ರಭಾವ ಮರೋಳದಂಥ ಊರುಗಳನ್ನು ಮುಟ್ಟಲಿಲ್ಲ.

ಇಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಬೇಕು. ಈ ಭಾಗದಲ್ಲಿ ‘ಮಿಶನ್ ಶಾಲೆ’ ಎಂದ ಕೂಡಲೇ ನೆನಪಿಗೆ ಬರುವುದು ಗುಳೇದಗುಡ್ಡ. ಅಲ್ಲಿ 1851ರಲ್ಲಿ ನೆಲೆಯೂರಿದ್ದು ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಸಂಸ್ಥೆ ಪ್ರಾಟೆಸ್ಟಂಟ್ ಪಂಥದ್ದು, ರೋಮಿನ ಪೋಪರ ಅಧಿಕಾರಕ್ಕೆ ಒಳಪಟ್ಟ ಕಥೋಲಿಕ ಸಭೆಗೂ ಅದಕ್ಕೂ ಸಂಬಂಧವಿಲ್ಲ. ಕಿಟ್ಟೆಲ್, ಮೋಗ್ಲಿಂಗ್ ಮುಂತಾದವರ ಕನ್ನಡ ಕೆಲಸ ಪ್ರಸಿದ್ಧವಾದದ್ದರಿಂದ ಕ್ರೈಸ್ತರ ಶಿಕ್ಷಣ ಸೇವೆಯೆಲ್ಲವೂ ಬಾಸೆಲ್ ಮಿಶನ್ನಿನ ಖಾತೆಗೆ ಜಮೆಯಾಗಿ, ಕಥೋಲಿಕರ ಕನ್ನಡ ಶಾಲೆಗಳು ವಿದ್ವಾಂಸರ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಹದಿನೇಳನೆಯ ಶತಮಾನದ ನಡುವೆ ಶ್ರೀರಂಗಪಟ್ಟಣದಲ್ಲಿ ನೆಲೆಸಿದ್ದ ಇಟಲಿಯ ಯೇಸುಸಭೆಯ, ಅಂದರೆ ಜೆಸುಯಿಟ್, ಪಾದ್ರಿ ಲಿಯೊನಾರ್ಡೊ ಚಿನ್ನಾಮಿ ಕನ್ನಡದ ವ್ಯಾಕರಣವನ್ನೂ ಧರ್ಮೋಪದೇಶದ ಪುಸ್ತಕವನ್ನೂ ಸಿದ್ಧಪಡಿಸಿದವರು; ಎರಡು ನೂರು ವರ್ಷಗಳ ತರುವಾಯ ಮೈಸೂರು ಮಿಶನ್ನಿನ ಫ್ರೆಂಚ್ ಪಾದ್ರಿಗಳು ಬೆಂಗಳೂರಿನಲ್ಲಿ ಮುದ್ರಣಾಲಯ ನಡೆಸಿ ಕನ್ನಡ ಮತ್ತು ಲ್ಯಾಟಿನ್ ಭಾಷೆಗಳ ನಿಘಂಟುಗಳನ್ನು ಅಚ್ಚು ಹಾಕಿಸಿದರು. ಇವು ಬಹುಮಟ್ಟಿಗೆ ಪಾದ್ರಿಗಳಿಗಾಗಿ ಪಾದ್ರಿಗಳು ಮಾಡಿಕೊಂಡ ಪುಸ್ತಕಗಳು. ಶಾಲೆಯ ಕಥೆ ಕರಾವಳಿಯಲ್ಲಿ ಬೇರೆ ರೀತಿಯಲ್ಲಿ ನಡೆಯಿತು.

ಕರಾವಳಿಯ ಕಥೋಲಿಕರ ಮನೆಮಾತು ಕೊಂಕಣಿ, ಅವರ ಪೂಜಾವಿಧಿಯ ಭಾಷೆ ಆಗ ಲ್ಯಾಟಿನ್, ಸುತ್ತಲ ಹಳ್ಳಿಯ ಮಾತು ತುಳು. ಆದರೂ ಧರ್ಮಕೇಂದ್ರದ ಶಾಲೆಯಲ್ಲಿ, ಅಂದರೆ ಒಂದು ಇಗರ್ಜಿಯ ವ್ಯಾಪ್ತಿಗೆ ಸೇರಿದ ಮನೆಗಳ ಮಕ್ಕಳಿಗಾಗಿ ಆ ಇಗರ್ಜಿಯೇ ನಡೆಸುವ ಶಾಲೆಯಲ್ಲಿ, ಅಕ್ಷರ ಕಲಿಸಿದ್ದು ಕನ್ನಡದಲ್ಲಿ. ಇದಕ್ಕೆ ಕಾರಣ ಭಾಷಾಭಿಮಾನಕ್ಕಿಂತ ಹೆಚ್ಚಾಗಿ ವ್ಯವಹಾರ. 1854ರ ವುಡ್ಸ್ ಸುತ್ತೋಲೆ ಖಾಸಗಿ ಶಾಲೆಗಳಿಗೆ ಸರಕಾರದ ಅನುದಾನದ ದಾರಿ ತೆರೆಯಿತು. ಅನುದಾನ ಬೇಕಾದರೆ ಸರಕಾರಿ ತನಿಖಾಧಿಕಾರಿಗೆ ಶಾಲೆಯನ್ನು ತೆರೆದಿಡಬೇಕು, ಒಪ್ಪಿತ ಪಾಠಕ್ರಮ ನಡೆಸಬೇಕು, ಹಾಜರಿ ಪುಸ್ತಕ ಇಡಬೇಕು. ದಕ್ಷಿಣ ಕನ್ನಡ ಜಿಲ್ಲೆಯ ಶಾಲಾ ಭಾಷೆ ಕನ್ನಡವಾಗಿದ್ದುದರಿಂದ ಇಗರ್ಜಿಯ ಶಾಲೆಯೂ ಕನ್ನಡದ್ದಾಯಿತು. ಇದರ ಒಂದು ಪರಿಣಾಮ ಯಾರೂ ಯೋಜಿಸಿದ್ದಲ್ಲ: ಕನ್ನಡ ಲಿಪಿ ಕಲಿತ ಕೊಂಕಣಿಗರ ತಲೆಮಾರು ತನ್ನ ಮನೆಮಾತನ್ನೂ ಅದೇ ಲಿಪಿಯಲ್ಲಿ ಓದತೊಡಗಿತು. 1912ರಲ್ಲಿ ಆರಂಭವಾದ ‘ಕೊಂಕ್ಣಿ ದಿರ್ವೆಂ’ ಮತ್ತು 1938ರ ‘ರಾಕ್ಣೊ’ ಪತ್ರಿಕೆಗಳು ಕನ್ನಡ ಲಿಪಿಯಲ್ಲಿ ಅಚ್ಚಾದವು. ಗೋವೆಯ ಕಥೋಲಿಕರ ಕೊಂಕಣಿ ರೋಮನ್ ಲಿಪಿಯಲ್ಲಿ ಬೆಳೆದರೆ ಮಂಗಳೂರಿನದು ಕನ್ನಡ ಲಿಪಿಯಲ್ಲಿ ಬೆಳೆಯಿತು. ನಾಲ್ಕೈದು ವರ್ಷದ ಪ್ರಾಥಮಿಕ ಶಾಲೆ ಒಂದು ಸಮುದಾಯದ ಸಾಹಿತ್ಯದ ಲಿಪಿಯನ್ನೇ ಗಟ್ಟಿಮಾಡಿತೆನ್ನುವುದು ಪ್ರಾಥಮಿಕ ಶಿಕ್ಷಣದ ಪ್ರಭಾವ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಅಂಕಪಟ್ಟಿಗಳಿಗಿಂತ ಬಲವಾದ ಸಾಕ್ಷಿ.

ದೊಡ್ಡ ವಿದ್ಯಾಸಂಸ್ಥೆಗಳ ಇತಿಹಾಸ ಹೆಚ್ಚು ತಿಳಿದದ್ದು, ಅದನ್ನು ಇಲ್ಲಿ ಬೆಳೆಸಬೇಕಾಗಿಲ್ಲ. ಬೆಂಗಳೂರಿಗೆ 1854ರಲ್ಲಿ ಗುಡ್ ಶೆಫರ್ಡ್ ಸಭೆಯ ಧರ್ಮಭಗಿನಿಯರು ಬಂದರು. ಬೆಳಗಾವಿಯ ದಂಡಿನ ಪ್ರದೇಶದಲ್ಲಿ 1856ರಲ್ಲಿ ಸೇಂಟ್ ಪಾಲ್ಸ್ ಶಾಲೆ ಹುಟ್ಟಿತು. ಮಂಗಳೂರಿನಲ್ಲಿ 1858ರಲ್ಲಿ ರೊಸಾರಿಯೊ ಶಾಲೆ, 1880ರಲ್ಲಿ ಯೇಸುಸಭೆಯವರ ಸಂತ ಅಲೋಶಿಯಸ್ ಕಾಲೇಜು ಆರಂಭವಾದವು. ದಂಡಿನ ಊರುಗಳಲ್ಲಿ ಬೆಳೆದ ಶಾಲೆಗಳು ಇಂಗ್ಲಿಷಿನ ಕಡೆಗೆ ವಾಲಿದವು; ‘ಕಾನ್ವೆಂಟ್’ ಎಂಬ ಚಿತ್ರ ಹುಟ್ಟಿದ್ದೂ ಅಲ್ಲಿಂದಲೇ. ಹೆಸರು ಮಾಡಿದ್ದು ಇವು. ಹಳ್ಳಿಯ ಇಗರ್ಜಿಯ ಪಕ್ಕದ ಹಂಚಿನ ಮಾಡಿನ ಶಾಲೆಗೆ ಹೆಸರಿಗಿಂತ ಹೆಚ್ಚಾಗಿ ಮಕ್ಕಳಿದ್ದರು.

ಆ ಶಾಲೆಯೊಳಗಿನ ಕ್ರಮ ಎಲ್ಲಿಂದ ಬಂತೆಂಬುದನ್ನು ನೋಡಲು ಹದಿನೇಳನೆಯ ಶತಮಾನದ ಫ್ರಾನ್ಸಿಗೆ ಹೋಗಬೇಕಾಗುತ್ತದೆ. ರೀಮ್ಸ್ ನಗರದ ಪಾದ್ರಿ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ 1680ರ ಸುಮಾರಿಗೆ ಬಡ ಮಕ್ಕಳ ಶಿಕ್ಷಕರನ್ನು ಒಂದು ಸಹೋದರ ಸಭೆಯಾಗಿ ಒಗ್ಗೂಡಿಸಿದರು. ಅದುವರೆಗೆ ಮಕ್ಕಳು ಒಬ್ಬೊಬ್ಬರಾಗಿ ಗುರುವಿನ ಬಳಿ ಬಂದು ಪಾಠ ಒಪ್ಪಿಸುವುದು ವಾಡಿಕೆ, ಓದು ಆರಂಭವಾಗುತ್ತಿದ್ದುದು ಲ್ಯಾಟಿನ್ನಿನಲ್ಲಿ. ಅವರು ಒಂದೇ ಮಟ್ಟದ ಮಕ್ಕಳನ್ನು ಒಂದು ತರಗತಿಯಲ್ಲಿ ಕೂರಿಸಿ ಎಲ್ಲರಿಗೂ ಒಟ್ಟಿಗೆ, ಮನೆಮಾತಾದ ಫ್ರೆಂಚಿನಲ್ಲಿ, ಪಾಠ ಹೇಳಿಸಿದರು. 1720ರಲ್ಲಿ ಪ್ರಕಟವಾದ ಅವರ ಶಾಲಾ ನಿರ್ವಹಣೆಯ ಕೈಪಿಡಿಯಲ್ಲಿ ಗೈರುಹಾಜರಿಯ ವಿಷಯಕ್ಕೆ ಪ್ರತ್ಯೇಕವಾಗಿ ಗಮನ ಕೊಡಲಾಗಿದೆ: ಬಡವರ ಮಗು ಶಾಲೆ ತಪ್ಪಿಸುವುದು ಸೋಮಾರಿತನದಿಂದ ಮಾತ್ರವಲ್ಲ, ಮನೆಗೆಲಸದಿಂದ, ಶಿಕ್ಷಕನ ಒರಟುತನದಿಂದ ಎಂಬ ವಿವೇಚನೆ ಅದರಲ್ಲಿದೆ. ನಮ್ಮ ಐಗಳ ಶಾಲೆಯಲ್ಲಿ ಒಬ್ಬೊಬ್ಬರೇ ಪಾಠ ಒಪ್ಪಿಸುವ ಕ್ರಮಕ್ಕೂ ತನ್ನದೇ ಗುಣವಿತ್ತು, ಚುರುಕಾದ ಹುಡುಗನ ವೇಗಕ್ಕೆ ಅದು ಅಡ್ಡಿಯಾಗುತ್ತಿರಲಿಲ್ಲ. ಆದರೆ ಸುಗ್ಗಿಯಲ್ಲಿ ಹೊಲಕ್ಕೆ ಹೋದ ಹುಡುಗ ಮರಳಿ ಬಾರದೆ ಹೋದರೆ ಕೇಳುವವರು ಆ ಕ್ರಮದಲ್ಲಿ ಇರಲಿಲ್ಲ.

ಇಳಕಲ್ಲದ ಮಗ್ಗದ ಮನೆಗಳನ್ನು ಬಲ್ಲವರಿಗೆ ಈ ಮಾತಿನ ತೂಕ ತಿಳಿಯುತ್ತದೆ. ನೇಕಾರಿಕೆಯಲ್ಲಿ ಕಂಡಿಕೆ ಸುತ್ತುವ ಕೆಲಸ, ಅಂದರೆ ಲಾಳಿಯೊಳಗೆ ಇಡುವ ಸಣ್ಣ ಕೊಳವೆಗೆ ನೂಲು ಸುತ್ತುವ ಕೆಲಸ, ಮನೆಯ ಹೆಂಗಸರ ಮತ್ತು ಮಕ್ಕಳ ಪಾಲಿಗೆ ಬಂದದ್ದು. ಮಗ್ಗದ ಮೇಲಿನ ಸೀರೆ ಸಂತೆಗೆ ಮುಂಚೆ ಇಳಿಯಬೇಕಾದ ವಾರ ಶಾಲೆಯ ಬೆಂಚು ಖಾಲಿ. ಒಣಬೇಸಾಯದ ಊರುಗಳಲ್ಲಿ ಗುಳೆ ಹೋಗುವ ಕುಟುಂಬದ ಮಗುವಿನ ಗತಿಯೂ ಇದೇ. ಇಂಥ ಕಡೆ ಶಾಲೆಯ ನಿಜವಾದ ಪರೀಕ್ಷೆ ಏಳನೆಯ ಇಯತ್ತೆಯ ಫಲಿತಾಂಶವಲ್ಲ, ಒಂದನೆಯ ಇಯತ್ತೆಗೆ ಹೆಸರು ಹಚ್ಚಿದ ಮಕ್ಕಳಲ್ಲಿ ಎಷ್ಟು ಮಂದಿ ಏಳನೆಯದರವರೆಗೆ ಬಂದರು ಎಂಬುದು. ಕರಾವಳಿಯ ಧರ್ಮಕೇಂದ್ರದ ಶಾಲೆಗೆ ಈ ವಿಷಯದಲ್ಲಿ ಬೇರೆಯವರಿಗಿಲ್ಲದ ಒಂದು ಅನುಕೂಲವಿತ್ತು: ಶಾಲೆಯ ವ್ಯವಸ್ಥಾಪಕನಾದ ಪಾದ್ರಿಯೇ ಊರಿನ ಪ್ರತಿ ಕಥೋಲಿಕ ಮನೆಯ ಲಗ್ನ, ದೀಕ್ಷಾಸ್ನಾನ, ಸಾವುಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯುವವನು. ಯಾವ ಮನೆಯಲ್ಲಿ ಯಾವ ವರ್ಷ ಹುಟ್ಟಿದ ಮಗು ಶಾಲೆಗೆ ಬರಬೇಕಾಗಿದೆ ಎಂಬ ಲೆಕ್ಕ ಆತನ ಕೈಯಲ್ಲೇ ಇತ್ತು. ಭಾನುವಾರದ ಪೂಜೆಯ ಬಳಿಕ ತಂದೆಯನ್ನು ನಿಲ್ಲಿಸಿ ಕೇಳುವ ಅಧಿಕಾರವೂ ಇತ್ತು. ಗೋಪಾಲಕೃಷ್ಣ ಗೋಖಲೆಯವರು 1911ರಲ್ಲಿ ಮಂಡಿಸಿದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಬಿದ್ದುಹೋಗಿದ್ದ ಕಾಲದಲ್ಲಿ, ಕಾನೂನಿನ ಬಲವಿಲ್ಲದೆಯೇ ಒಂದು ಬಗೆಯ ಕಡ್ಡಾಯ ಶಿಕ್ಷಣ ಅಲ್ಲಿ ನಡೆದಿತ್ತು. ಈ ಅಧಿಕಾರಕ್ಕೆ ಇನ್ನೊಂದು ಮುಖವೂ ಇತ್ತೆಂಬುದನ್ನು ಮರೆಯಲಾಗದು. ಅದೇ ಪಾದ್ರಿಯ ಮಾತನ್ನು ಎದುರಿಸುವುದು ಬಡ ಗೇಣಿದಾರನಿಗೆ ಸುಲಭವಾಗಿರಲಿಲ್ಲ.

ಹೆಣ್ಣು ಮಕ್ಕಳ ಮಟ್ಟಿಗೆ ಈ ಶಾಲೆಗಳಿಂದ ಆದ ಉಪಕಾರ ಎಲ್ಲಕ್ಕಿಂತ ದೊಡ್ಡದು, ಅದರ ಕಾರಣವೂ ಸ್ಪಷ್ಟ. ಹೆಣ್ಣು ಮಗಳನ್ನು ಗಂಡಸು ಮಾಸ್ತರರ ಕೈಕೆಳಗೆ ಕಳಿಸಲು ತಂದೆತಾಯಿ ಹಿಂಜರಿಯುತ್ತಿದ್ದ ಕಾಲದಲ್ಲಿ ಅಕ್ಕೋರು ಸಿಗಬೇಕಾದರೆ ಮೊದಲು ಕಲಿತ ಹೆಂಗಸರು ಬೇಕು, ಕಲಿತ ಹೆಂಗಸರು ಬೇಕಾದರೆ ಮೊದಲು ಹೆಣ್ಣು ಮಕ್ಕಳ ಶಾಲೆ ಬೇಕು; ಮುಂಬಯಿ ಕರ್ನಾಟಕದ ಸರಕಾರಿ ಹೆಣ್ಣು ಮಕ್ಕಳ ಶಾಲೆಗಳು ಈ ಸುಳಿಯಲ್ಲಿ ಬಹುಕಾಲ ಸಿಕ್ಕಿಕೊಂಡಿದ್ದವು. ಕಥೋಲಿಕರಲ್ಲಿ ಧರ್ಮಭಗಿನಿಯರ ಸಭೆಗಳು, ಅಂದರೆ ವಿವಾಹವಾಗದೆ ಸೇವಾವ್ರತ ತೊಟ್ಟು ಒಟ್ಟಾಗಿ ಬಾಳುವ ಸ್ತ್ರೀಯರ ಸಂಘಗಳು, ಆ ಸುಳಿಯಿಂದ ದಾರಿ ಮಾಡಿಕೊಟ್ಟವು. ಇಂಗ್ಲಿಷ್ ಮೂಲದ ಮದರ್ ವೆರೋನಿಕಾ 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಸ್ಥಾಪಿಸಿದ ಅಪೋಸ್ತಲಿಕ್ ಕಾರ್ಮೆಲ್ ಸಭೆಯ ಭಗಿನಿಯರು 1870ರ ನವೆಂಬರಿನಲ್ಲಿ ಮಂಗಳೂರಿಗೆ ಬಂದು ಸೇಂಟ್ ಆ್ಯನ್ಸ್ ಶಾಲೆಯನ್ನು ನಡೆಸಿದರು. ಶಿಕ್ಷಕಿಯರ ತರಬೇತಿಯೂ ಅದರ ಭಾಗವಾಯಿತು. 1921ರಲ್ಲಿ ಅದೇ ಸಭೆ ಮಹಿಳೆಯರಿಗಾಗಿ ಸೇಂಟ್ ಆ್ಯಗ್ನೆಸ್ ಕಾಲೇಜನ್ನು ತೆರೆಯಿತು. ಅದೇ ವರ್ಷದ ಜುಲೈ 16ರಂದು ಮಂಗಳೂರಿನ ಬೆಂದೂರಿನ ಧರ್ಮಗುರು ರೇಮಂಡ್ ಫ್ರಾನ್ಸಿಸ್ ಕಮಿಲಸ್ ಮಸ್ಕರೇನ್ಹಸ್ ನಾಲ್ವರು ತರುಣಿಯರೊಂದಿಗೆ ಬೆಥನಿ ಸಭೆಯನ್ನು ಆರಂಭಿಸಿದರು. ಊರಿನವರೇ ಕಟ್ಟಿದ ಈ ಸಭೆ ಪೇಟೆಗಿಂತ ಹಳ್ಳಿಯನ್ನು, ಕಾಲೇಜಿಗಿಂತ ಪ್ರಾಥಮಿಕ ಶಾಲೆಯನ್ನು ತನ್ನ ಕ್ಷೇತ್ರವೆಂದು ಆರಿಸಿಕೊಂಡಿತು. ತರಬೇತಿ ಪಡೆದ ಶಿಕ್ಷಕಿ ಮದುವೆಯಾಗಿ ಕೆಲಸ ಬಿಡುವ, ದೂರದ ಊರಿಗೆ ವರ್ಗವಾದರೆ ಉಳಿಯಲು ಮನೆ ಸಿಗದ ತೊಂದರೆಗಳು ಭಗಿನಿಯರಿಗೆ ಇರಲಿಲ್ಲ, ಮಠವೇ ಅವರ ಮನೆ. ಒಂದು ಹಳ್ಳಿಯ ಹೆಣ್ಣು ಮಕ್ಕಳ ಶಾಲೆಯಲ್ಲಿ ಹತ್ತಿಪ್ಪತ್ತು ವರ್ಷ ಶಿಕ್ಷಕಿಯರ ಕೊರತೆಯೇ ಬೀಳದಿರುವುದೆಂದರೆ ಆ ಕಾಲಕ್ಕೆ ಅದು ಸಣ್ಣ ಮಾತಲ್ಲ.

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡ ಜಿಲ್ಲೆಯ ಮಹಿಳೆಯರಲ್ಲಿ ಸಾಕ್ಷರತೆ ಶೇಕಡ 84ರಷ್ಟಿದ್ದರೆ ಬಾಗಲಕೋಟೆ ಜಿಲ್ಲೆಯಲ್ಲಿ ಅದು ಶೇಕಡ 58ರ ಸುಮಾರಿಗಿತ್ತು. ಈ ಅಂತರವನ್ನೆಲ್ಲ ಕಥೋಲಿಕ ಶಾಲೆಗಳ ಲೆಕ್ಕಕ್ಕೆ ಹಚ್ಚುವುದು ನ್ಯಾಯವಲ್ಲ: ಕರಾವಳಿಗೆ ಮಳೆ, ಬಂದರು, ವ್ಯಾಪಾರ, ಬಾಸೆಲ್ ಮಿಶನ್ನಿನ ಕಾರ್ಖಾನೆಗಳು, ಸಾರಸ್ವತ, ಬಂಟ, ಬಿಲ್ಲವ ಮೊದಲಾದ ಸಮುದಾಯಗಳು ತಾವೇ ಕಟ್ಟಿಕೊಂಡ ಶಾಲೆಗಳು, ಭೂಸುಧಾರಣೆಯ ಫಲ ಎಲ್ಲವೂ ಇದ್ದವು. ಹೀಗಿದ್ದರೂ ಹಳ್ಳಿಹಳ್ಳಿಗೆ ಬೇಗ ಬಂದ ಹೆಣ್ಣು ಮಕ್ಕಳ ಶಾಲೆ ಈ ಕಾರಣಗಳಲ್ಲಿ ಒಂದೆಂಬುದನ್ನು ಅಲ್ಲಗಳೆಯಲು ಆಧಾರವಿಲ್ಲ.

ಕಥೋಲಿಕ ಶಾಲೆಗಳಿಂದ ಉಳಿಯುವ ಲಾಭವನ್ನು ಅಳೆದು ನೋಡುವ ಪ್ರಯತ್ನ ಹೊರದೇಶಗಳಲ್ಲಿ ಹೆಚ್ಚು ನಡೆದಿದೆ, ಅಲ್ಲಿನ ಫಲಿತಾಂಶಗಳು ಅಭಿಮಾನಿಗಳಿಗೆ ಒಂದಿಷ್ಟು ಕಸಿವಿಸಿ ತರುವಂಥವು. ಅಮೆರಿಕದ ಧರ್ಮಾಧ್ಯಕ್ಷರು 1884ರಲ್ಲಿ ಬಾಲ್ಟಿಮೋರಿನಲ್ಲಿ ಸೇರಿ ಪ್ರತಿ ಧರ್ಮಕೇಂದ್ರವೂ ಎರಡು ವರ್ಷದೊಳಗೆ ಶಾಲೆ ತೆರೆಯಬೇಕೆಂದು ವಿಧಿಸಿದ್ದರು. 1960ರ ದಶಕದ ನಡುವೆ ಆ ದೇಶದ ಕಥೋಲಿಕ ಶಾಲೆಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಮಕ್ಕಳಿದ್ದರು. ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಸಂಗಡಿಗರು 1982ರಲ್ಲಿ ಪ್ರೌಢಶಾಲೆಗಳನ್ನು ಹೋಲಿಸಿ ಕಥೋಲಿಕ ಶಾಲೆಯ ಮಕ್ಕಳ ಕಲಿಕೆ ಮೇಲೆಂದು ಹೇಳಿದರು; 1987ರ ಪುಸ್ತಕದಲ್ಲಿ ಅದರ ಕಾರಣವನ್ನು ಸಾಮಾಜಿಕ ಬಂಡವಾಳ ಎಂಬ ಪರಿಕಲ್ಪನೆಯಿಂದ ವಿವರಿಸಿದರು, ಅಂದರೆ ಮಕ್ಕಳು ಪರಸ್ಪರ ಬಲ್ಲವರಾಗಿರುವಂತೆ ಅವರ ತಂದೆತಾಯಿಗಳೂ ಒಬ್ಬರನ್ನೊಬ್ಬರು ಬಲ್ಲವರಾಗಿದ್ದು ಎಲ್ಲರ ಮಕ್ಕಳ ಮೇಲೂ ಎಲ್ಲರ ಕಣ್ಣಿರುವ ಸ್ಥಿತಿ. ಇವಾನ್ಸ್ ಮತ್ತು ಶ್ವಾಬ್ ಎಂಬ ಅರ್ಥಶಾಸ್ತ್ರಜ್ಞರು 1995ರಲ್ಲಿ ಕಥೋಲಿಕ ಪ್ರೌಢಶಾಲೆಗೆ ಹೋದವರು ಶಾಲೆ ಮುಗಿಸುವ ಮತ್ತು ಕಾಲೇಜು ಸೇರುವ ಸಾಧ್ಯತೆ ಗಣನೀಯವಾಗಿ ಹೆಚ್ಚೆಂದು ಕಂಡುಕೊಂಡರು. ಡೆರೆಕ್ ನೀಲ್ 1997ರಲ್ಲಿ ಈ ಲಾಭ ನಗರದ ಅಲ್ಪಸಂಖ್ಯಾತ ಬಡ ಮಕ್ಕಳಿಗೆ ಎಲ್ಲರಿಗಿಂತ ಹೆಚ್ಚೆಂದು ತೋರಿಸಿದರು. ಆದರೆ ಕ್ರಿಸ್ಟೋಫರ್ ಜೆಪ್ಸನ್ 2003ರಲ್ಲಿ, ಮತ್ತೆ ಟಾಡ್ ಎಲ್ಡರ್ ಜೊತೆ 2014ರಲ್ಲಿ, ಪ್ರಾಥಮಿಕ ಶಾಲೆಗಳನ್ನೇ ತೆಗೆದುಕೊಂಡು ನೋಡಿದಾಗ ಪರೀಕ್ಷೆಯ ಅಂಕಗಳಲ್ಲಿ ಅಂಥ ಲಾಭವೇನೂ ಕಾಣಲಿಲ್ಲ.

ಈ ಎರಡು ಬಗೆಯ ಫಲಿತಾಂಶಗಳಲ್ಲಿ ವಿರೋಧವಿದೆಯೆಂದು ಭಾವಿಸಬೇಕಾಗಿಲ್ಲ. ಅಂಕ ಒಂದು, ಶಾಲೆ ಬಿಡದೆ ಮುಗಿಸುವುದು ಇನ್ನೊಂದು; ಕಥೋಲಿಕ ಶಾಲೆಯ ಬಲ ಎರಡನೆಯದರಲ್ಲಿ ಇರುವಂತೆ ಕಾಣುತ್ತದೆ, ಕರಾವಳಿಯ ಧರ್ಮಕೇಂದ್ರದ ಶಾಲೆಗಳ ಕಥೆಯೂ ಅದನ್ನೇ ಸೂಚಿಸುತ್ತದೆ. ದೀರ್ಘಕಾಲದ ಪರಿಣಾಮಕ್ಕೆ ದಕ್ಷಿಣ ಅಮೆರಿಕದ ಒಂದು ಅಧ್ಯಯನ ಇನ್ನೂ ಸ್ವಾರಸ್ಯಕರ. ಇಂದಿನ ಅರ್ಜೆಂಟೀನ, ಬ್ರೆಜಿಲ್ ಮತ್ತು ಪರಾಗ್ವೆ ದೇಶಗಳು ಕೂಡುವ ಎಡೆಯಲ್ಲಿ ಯೇಸುಸಭೆಯವರು 1609ರಿಂದ ಗ್ವಾರಾನಿ ಜನರ ನಡುವೆ ಮೂವತ್ತು ನೆಲೆಗಳನ್ನು ಕಟ್ಟಿ ಓದುಬರಹವನ್ನೂ ಕೈಕಸುಬುಗಳನ್ನೂ ಕಲಿಸಿದ್ದರು. 1767ರಲ್ಲಿ ಸ್ಪೇನಿನ ದೊರೆ ಅವರನ್ನು ಹೊರಹಾಕಿದನು. ಫೆಲಿಪೆ ವಲೆನ್ಸಿಯಾ ಕೈಸೆಡೊ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಾದ್ರಿಗಳು ಹೋಗಿ 250 ವರ್ಷಗಳಾದ ಮೇಲೂ ಆ ನೆಲೆಗಳ ಸುತ್ತಲಿನ ಜನರ ವಿದ್ಯಾಭ್ಯಾಸ ಶೇಕಡ 10ರಿಂದ 15ರಷ್ಟು ಹೆಚ್ಚಾಗಿದೆ. ಕಲಿಸಿದವರ ಹೆಸರು ಜನಕ್ಕೆ ಮರೆತುಹೋದ ಕಡೆಯೂ ಮಕ್ಕಳನ್ನು ಓದಿಸಬೇಕೆಂಬ ರೂಢಿ ಮನೆಗಳಲ್ಲಿ ಉಳಿದುಕೊಂಡಿತು. ಮುದಗಲ್ಲದ ಸುತ್ತ ಇಂಥ ಅಧ್ಯಯನವೊಂದು ನಡೆದರೆ ಉಪಯುಕ್ತವಾದೀತು.

ಧರ್ಮದ ಪ್ರಶ್ನೆಯನ್ನು ಬದಿಗಿಟ್ಟು ಈ ಇತಿಹಾಸವನ್ನು ಬರೆಯಲು ಬರುವುದಿಲ್ಲ. ಧರ್ಮಕೇಂದ್ರದ ಶಾಲೆ ಹುಟ್ಟಿದ್ದೇ ಕಥೋಲಿಕ ಮಕ್ಕಳಿಗೆ ಧರ್ಮೋಪದೇಶ, ಅಂದರೆ ಪ್ರಶ್ನೋತ್ತರ ರೂಪದಲ್ಲಿ ವಿಶ್ವಾಸದ ಪಾಠ, ಕಲಿಸುವುದಕ್ಕಾಗಿ. ಅಕ್ಷರ ಅದರ ಜೊತೆಗೆ ಬಂದದ್ದು. ಅನ್ಯಧರ್ಮದ ಮಕ್ಕಳು ಸೇರಿದ ಮೇಲೆ ಆ ಅವಧಿಯಲ್ಲಿ ಅವರಿಗೆ ನೀತಿಪಾಠ ನಡೆಸುವ ಪದ್ಧತಿ ಬಂತು. ಸಂವಿಧಾನದ 28ನೆಯ ಅನುಚ್ಛೇದ ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ವಿದ್ಯಾರ್ಥಿಯ, ಅಥವಾ ಅವನು ಅಪ್ರಾಪ್ತನಾದರೆ ಪೋಷಕರ, ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಬಾರದೆಂದು ಹೇಳುತ್ತದೆ. 30ನೆಯ ಅನುಚ್ಛೇದ ಅಲ್ಪಸಂಖ್ಯಾತರಿಗೆ ತಮ್ಮ ವಿದ್ಯಾಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕು ಕೊಡುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರಿನಲ್ಲಿ ಹೊರಡಿಸಿದ ಶಿಕ್ಷಣ ಘೋಷಣೆ ಬಡವರನ್ನೂ ವಿಶ್ವಾಸದ ಹೊರಗಿನವರನ್ನೂ ವಿಶೇಷವಾಗಿ ಗಮನದಲ್ಲಿಡಬೇಕೆಂದು ಕಥೋಲಿಕ ಶಾಲೆಗಳಿಗೆ ಸೂಚಿಸಿತು. ಕಥೋಲಿಕರ ಸಂಖ್ಯೆ ತೀರ ಕಡಿಮೆಯಿರುವ ಉತ್ತರ ಕರ್ನಾಟಕದಲ್ಲಿ ಈ ಸೂಚನೆಗೆ ಬೇರೆಯೇ ಅರ್ಥವಿದೆ, ಇಲ್ಲಿ ಶಾಲೆ ನಡೆಯುವುದೇ ಲಿಂಗಾಯತ, ಕುರುಬ, ದಲಿತ, ಮುಸ್ಲಿಂ ಮನೆಗಳ ಮಕ್ಕಳಿಂದ.

ಮಾಧ್ಯಮದ ಪ್ರಶ್ನೆ ಇದಕ್ಕಿಂತ ಬಿಗಿಯಾದ ಗಂಟು. ರಾಜ್ಯ ಸರಕಾರ 1994ರ ಏಪ್ರಿಲ್ 29ರ ಆದೇಶದಲ್ಲಿ ಒಂದರಿಂದ ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ವಿಧಿಸಿತು. ಉಚ್ಚ ನ್ಯಾಯಾಲಯದ 2008ರ ತೀರ್ಪಿನ ಬಳಿಕ 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವೂ ಮಾಧ್ಯಮದ ಆಯ್ಕೆ ಪೋಷಕರದೆಂದು ಹೇಳಿತು. ಆ ಬಳಿಕ ಇಗರ್ಜಿಯ ಅಂಗಳದ ಅನುದಾನಿತ ಕನ್ನಡ ಶಾಲೆಗಳಿಗೆ ಉಳಿದ ಬಲವೂ ಕುಗ್ಗಿತು. ನಿವೃತ್ತರಾದ ಶಿಕ್ಷಕರ ಜಾಗ ಹಾಗೆಯೇ ಉಳಿದು, ಮಕ್ಕಳು ಪಕ್ಕದ ಕಟ್ಟಡದ ಇಂಗ್ಲಿಷ್ ಮಾಧ್ಯಮಕ್ಕೆ ಸರಿದುಹೋಗುವುದು ಕರಾವಳಿಯ ಅನೇಕ ಧರ್ಮಕೇಂದ್ರಗಳಲ್ಲಿ ಕಾಣುವ ನೋಟ. ಎರಡೂ ಕಟ್ಟಡಗಳ ಆಡಳಿತ ಒಂದೇ ಎಂಬುದು ಇದರ ವಿಪರ್ಯಾಸ. ಒಂದು ಶತಮಾನ ಕಾಲ ಕನ್ನಡ ಅಕ್ಷರವನ್ನು ಊರೂರಿಗೆ ಮುಟ್ಟಿಸಿದ ಸಂಸ್ಥೆಗಳು ಆ ಕೆಲಸದ ಮಹತ್ವವನ್ನು ತಾವೇ ಕಡಿಮೆ ಮಾಡಿಕೊಂಡವೆನ್ನದೆ ವಿಧಿಯಿಲ್ಲ.

ಅದೇ ದಿನ ಅದೇ ನ್ಯಾಯಾಲಯದ ಇನ್ನೊಂದು ತೀರ್ಪು ಹೊರಬಿತ್ತು, ಪತ್ರಿಕೆಗಳಲ್ಲಿ ಅದಕ್ಕೆ ಕಡಿಮೆ ಜಾಗ ಸಿಕ್ಕಿದ್ದರೂ ಮರೋಳದಂಥ ಊರಿಗೆ ಹೆಚ್ಚು ಸಂಬಂಧಪಟ್ಟದ್ದು ಅದೇ. 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣವನ್ನು ಮೂಲಭೂತ ಹಕ್ಕನ್ನಾಗಿಸಿದ 21ಎ ಅನುಚ್ಛೇದದ ಆಧಾರದ ಮೇಲೆ 2009ರಲ್ಲಿ ಬಂದು 2010ರ ಏಪ್ರಿಲ್ 1ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳ ಆರಂಭದ ತರಗತಿಯಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡುತ್ತದೆ. ಪ್ರಮತಿ ಪ್ರಕರಣವೆಂದು ಹೆಸರಾದ ಆ ತೀರ್ಪು ಅಲ್ಪಸಂಖ್ಯಾತ ಸಂಸ್ಥೆಗಳ ಶಾಲೆಗಳನ್ನು, ಅನುದಾನ ಪಡೆದವಿರಲಿ ಪಡೆಯದವಿರಲಿ, ಕಾಯಿದೆಯ ಹೊರಗಿಟ್ಟಿತು. 2025ರ ಸೆಪ್ಟೆಂಬರಿನಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ನಿಲುವಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ಪ್ರಶ್ನೆಯನ್ನು ದೊಡ್ಡ ಪೀಠದ ಮುಂದಿಡಬೇಕೆಂದು ಸೂಚಿಸಿತು. ಕಾಯಿದೆ ಅನ್ವಯಿಸಲಿ ಬಿಡಲಿ, ಕಲ್ಲುಗಣಿಯ ಕೂಲಿಕಾರನ, ಕಂಡಿಕೆ ಸುತ್ತುವ ಮನೆಯ ಅಥವಾ ಗುಳೆ ಹೋಗಿ ಬಂದ ಕುಟುಂಬದ ಮಗು ಈ ಭಾಗದ ಕಥೋಲಿಕ ಶಾಲೆಯ ಮೊದಲ ಇಯತ್ತೆಗೆ ಸೇರಬಲ್ಲದೇ, ಶುಲ್ಕ ಕಟ್ಟಲಾರದ ವರ್ಷವೂ ಅಲ್ಲಿ ಉಳಿಯಬಲ್ಲದೇ ಎಂಬುದನ್ನು ಸದ್ಯಕ್ಕೆ ಆಯಾ ಶಾಲೆಯ ಆಡಳಿತವೇ ತೀರ್ಮಾನಿಸುತ್ತದೆ. ಯಾವ ಆಡಳಿತ ಏನು ತೀರ್ಮಾನಿಸಿತೆಂಬುದು ಆಯಾ ಶಾಲೆಯ ದಾಖಲಾತಿ ಪುಸ್ತಕದಲ್ಲಿ ತಂದೆಯ ಉದ್ಯೋಗವನ್ನು ಬರೆಯುವ ಅಂಕಣವನ್ನು ಓದಿದರೆ ತಿಳಿಯುತ್ತದೆ.